ಅಕ್ಕಿ ಚೀಲದ ರೆಕ್ಕೆ

ರಾಯಚೂರಿನ ಸ್ಟೇಷನ್ ರಸ್ತೆಗೆ ಹೊಂದಿಕೊಂಡ ಒಂದು ಗಲ್ಲಿಯಲ್ಲಿ ನನ್ನದು ಎರಡು ಕೋಣೆಯ ಫಿಸಿಯೋಥೆರಪಿ ಕೇಂದ್ರ. ಮಂಗಳವಾರ ಮಾನ್ವಿಗೆ, ಶುಕ್ರವಾರ ದೇವದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿನವರನ್ನೂ ನೋಡಿಬರುತ್ತೇನೆ. ಬರುವವರಲ್ಲಿ ಹೆಚ್ಚಿನವರು ಸೊಂಟದವರು, ಮೊಣಕಾಲಿನವರು. ನನಗೆ ಮನಸ್ಸಿರುವುದು ಮಾತ್ರ ಕೈ ಕೆಲಸದಲ್ಲಿ. ಒಂದು ಬೆರಳು ಒಂದು ಕಾಳಿನಷ್ಟು ಹೆಚ್ಚು ಬಾಗಿದರೂ ಆ ದಿನ ನನಗೆ ಊಟ ರುಚಿಸುತ್ತದೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಾನ್ವಿಯ ಕೋಣೆಗೆ ಪೋತ್ನಾಳದ ಕಡೆಯ ಒಬ್ಬ ಅಕ್ಕಿ ಮಿಲ್ಲಿನ ಮಾಲೀಕರು ಬಂದರು. ಅರವತ್ತು ದಾಟಿದವರು, ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಂಗಿಯ ಗುಂಡಿಗಳನ್ನು ಹೆಂಡತಿ ಹಾಕಿಕೊಟ್ಟಿದ್ದು ನೋಡಿದ ಕೂಡಲೇ ತಿಳಿಯುತ್ತಿತ್ತು, ಮೇಲಿನದೊಂದು ತಪ್ಪು ಕಾಜಕ್ಕೆ ಸೇರಿತ್ತು. ಮಿಲ್ಲಿನ ಬೆಲ್ಟಿಗೆ ಎಡಗೈ ಸಿಕ್ಕು, ದೊಡ್ಡ ಊರಿನಲ್ಲಿ ಆಪರೇಷನ್ ಆಗಿ, ಬೆರಳುಗಳೇನೋ ಉಳಿದಿದ್ದವು. ಆದರೆ ಅಂಗೈ ತೆರೆಯುತ್ತಿರಲಿಲ್ಲ. ಏನನ್ನೋ ಹಿಡಿದುಕೊಂಡು ಯಾರಿಗೂ ತೋರಿಸಲೊಲ್ಲದವರ ಹಾಗೆ ಬೆರಳುಗಳು ಒಳಕ್ಕೆ ಮುದುರಿದ್ದವು.

ಎಲ್ಲರೂ ಅವರನ್ನು ಸಾಹುಕಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಡಾಕ್ಟರವ್ವ ಎಂದರು. ನಾನು ಡಾಕ್ಟರಲ್ಲ ಎಂದು ಎರಡು ಸಲ ಹೇಳಿ ಬಿಟ್ಟುಬಿಟ್ಟೆ.

ಅಷ್ಟು ಕಷ್ಟದ ಪೇಶೆಂಟು ನನಗೆ ಹಿಂದೆ ಸಿಕ್ಕಿರಲಿಲ್ಲ. ರಬ್ಬರ್ ಚೆಂಡು ಕೊಟ್ಟರೆ ಅದು ಮಕ್ಕಳ ಆಟ ಎಂದು ಮೇಜಿನ ಮೇಲಿಟ್ಟರು. ಜೇಡಿಮಣ್ಣು ಕೊಟ್ಟರೆ ಕೈ ಹೊಲಸಾಗುತ್ತದೆ ಎಂದರು. ಅಕ್ಕಿಯಲ್ಲಿ ತೊಗರಿಬೇಳೆ ಬೆರೆಸಿ, ಎಡಗೈಯಿಂದ ಬೇಳೆಯನ್ನಷ್ಟೇ ಆರಿಸಿ ತೆಗೆಯಿರಿ ಎಂದು ತಟ್ಟೆ ಮುಂದಿಟ್ಟೆ. ಬೇರೆ ಪೇಶೆಂಟಿನ ಕಡೆ ಹೋಗಿ ಹಿಂತಿರುಗುವಷ್ಟರಲ್ಲಿ ಅವರು ಬೇಳೆಯನ್ನು ಮುಟ್ಟಿರಲಿಲ್ಲ, ಬಲಗೈಯಲ್ಲಿ ಅಕ್ಕಿ ಹಿಡಿದು ಕಿಟಕಿಯ ಬೆಳಕಿಗೆ ನೋಡುತ್ತಿದ್ದರು. ಇದು ಹಳೆಯ ಅಕ್ಕಿಯಲ್ಲ, ಪಾಲಿಶ್ ಹೆಚ್ಚು ಹೊಡೆದಿದ್ದಾರೆ, ನುಚ್ಚು ಸೇರಿಸಿದ್ದಾರೆ, ಯಾರು ಕೊಟ್ಟರು ನಿಮಗೆ ಎಂದು ವಿಚಾರಿಸಿದರು. ಮುಂದಿನ ವಾರ ನನ್ನ ಮೇಜಿನ ಮೇಲೆ ಅವರ ಮಿಲ್ಲಿನ ಒಳ್ಳೆಯ ಅಕ್ಕಿಯ ಸಣ್ಣ ಚೀಲ ಬಂದಿತ್ತು. ಕೈ ಮಾತ್ರ ಇದ್ದಲ್ಲೇ ಇತ್ತು.

ಅವರ ಹೆಂಡತಿ ಒಂದು ದಿನ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು. ಅವರಿಗೆ ಗುಂಡಿಯ ಚಿಂತೆಯಿಲ್ಲ, ಸ್ಕೂಟರಿನ ಚಿಂತೆಯೂ ಇಲ್ಲ. ದಿನಾ ಬೆಳಿಗ್ಗೆ ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡುವವರು. ಈಗ ಅಂಗೈ ತೆರೆಯುವುದಿಲ್ಲ. ಬಲಗೈಯಲ್ಲಿಟ್ಟರೆ ಪತ್ರಿ ಏರಿಸಲು ಕೈಯಿಲ್ಲ. ತಟ್ಟೆಯಲ್ಲಿಟ್ಟು ಪೂಜೆ ಮಾಡಿ ಎಂದರೆ ಮಾಡುತ್ತಾರೆ, ಆದರೆ ಎದ್ದ ಮೇಲೆ ಮುಖ ಹೊರಳಿಸಿಕೊಂಡು ಕೂಡುತ್ತಾರೆ.

“ನಮಗ ಹೇಳಂಗಿಲ್ರೀ,” ಎಂದರು ಆಕೆ. “ಪೂಜಿ ಮುಗಿದ ಮ್ಯಾಲ ಯಾರ ಕೂಡಾನೂ ಮಾತಾಡವಲ್ರು.”

ನನಗೆ ಆ ಪೂಜೆ ಗೊತ್ತಿಲ್ಲ. ಮಟಮಾರಿಯಿಂದ ರಾಯಚೂರಿಗೆ ಕೂಲಿಗೆ ಬಂದು ನೆಲೆನಿಂತ ಬೌದ್ಧರ ಮನೆ ನಮ್ಮದು. ಅಪ್ಪ ಬೆನ್ನ ಮೇಲೆ ಚೀಲ ಹೊತ್ತು ನನ್ನನ್ನು ಓದಿಸಿದವನು. ಆದರೆ ಅಂಗೈ ಚಪ್ಪಟೆಯಾಗಿ ತೆರೆಯಬೇಕು, ಅಲುಗಾಡದೆ ನಿಲ್ಲಬೇಕು ಎನ್ನುವುದು ನನಗೆ ತಿಳಿಯುವ ಭಾಷೆ. ಅವತ್ತಿನಿಂದ ಅದೇ ನನ್ನ ಗುರಿಯೂ ಆಯಿತು.

ಓದುವಾಗ ನಮಗೆ ಕೈ ಚಿಕಿತ್ಸೆ ಕಲಿಸಿದ ಮೇಡಂ ಒಬ್ಬರಿದ್ದರು. ಬೇಸಿಗೆಯಲ್ಲಿ ಹೊಳೆಯ ಮೀನುಗಳು ನೀರ ಮೇಲೆ ಬಿದ್ದ ಹುಳಗಳನ್ನು ಹಿಡಿಯಲು ಮೇಲೇಳುತ್ತವೆ. ಗಾಳದ ಸಣ್ಣ ಕೊಕ್ಕೆಗೆ ದಾರ, ಗರಿ ಸುತ್ತಿ ಅಂಥದ್ದೇ ತೇಲುವ ಹುಳ ಕಟ್ಟುವುದು ಅವರ ಹವ್ಯಾಸ. ಬೆರಳು ಸೆಟೆದವರಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ ಎಂದು ನಮ್ಮೆಲ್ಲರಿಗೂ ಒಂದೊಂದು ಹುಳ ಕಟ್ಟಿಸಿದ್ದರು. ಒಂದು ಕೈ ಸುತ್ತುತ್ತದೆ, ಇನ್ನೊಂದು ದಾರ ಸಡಿಲಾಗದಂತೆ ಬಿಗಿಹಿಡಿಯುತ್ತದೆ; ಹಿಡಿಯಬೇಕಾದರೆ ಕಿರುಬೆರಳು, ಉಂಗುರಬೆರಳು ಎರಡೂ ದೂರ ಚಾಚಲೇಬೇಕು. ಆ ನೆನಪಿನಲ್ಲಿ ನಾನು ಗಡಿಯಾರ ರಿಪೇರಿಯವರು ಬಿಡಿಭಾಗ ಕಚ್ಚಿಸಿ ಹಿಡಿಯಲು ಬಳಸುವ ಸಣ್ಣದೊಂದು ಹಿಡಿಕೆ ಯಂತ್ರ ಕೊಂಡಿಟ್ಟಿದ್ದೆ. ಅದು ಕಪಾಟಿನಲ್ಲೇ ಇತ್ತು. ಲಿಂಗ ಕಟ್ಟಿದ ಸಾಹುಕಾರರ ಮುಂದೆ ಗಾಳ ಇಡುವುದು ಹೇಗೆ ಎಂದು ಒಂದು ವಾರ ಹಿಂದೆಮುಂದೆ ನೋಡಿದೆ. ಕೊನೆಗೆ ಇಟ್ಟೆ.

ಅವರ ಎದುರಿಗೇ ಒಂದು ಕಟ್ಟಿ ತೋರಿಸಿದೆ. ಕೊಕ್ಕೆಯನ್ನು ಹಿಡಿಕೆಗೆ ಸಿಕ್ಕಿಸಿ, ಅದರ ತಲೆಯ ತೂತಿನಿಂದ ಬಾಗಿದ ಕಡೆಯವರೆಗೆ ದಾರ ಸುತ್ತಿದೆ. ಹುಂಜದ ಕತ್ತಿನ ಗರಿಯೊಂದನ್ನು ಕಟ್ಟಿ ಸುತ್ತಿದಾಗ ಎಳೆಗಳು ನಾಲ್ಕೂ ಕಡೆ ಸೆಟೆದು ನಿಂತವು. ನೀರಿನ ಲೋಟಕ್ಕೆ ಹಾಕಿದರೆ ಆ ಎಳೆಗಳ ಕಾಲ ಮೇಲೆ ಹುಳ ನಿಂತುಕೊಂಡಿತು. ಸಾಹುಕಾರರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಇದು ಯಾತಕ್ಕೆ ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗದೆ ಮೀನು ಹಿಡಿಯಲಿಕ್ಕೆ ಎಂದೆ. ಗರಿ ಯಾವುದರದು ಎಂದು ಕೇಳಿದರು. ಅದನ್ನೂ ಹೇಳಿದೆ. ಲೋಟವನ್ನು ಒಂದು ಬೆರಳಿನಿಂದ ನನ್ನ ಕಡೆ ಸರಿಸಿ, ಚಪ್ಪಲಿ ಮೆಟ್ಟಿ, ಹೋಗಿಬರ್ತೀನಿ ಎಂದೂ ಅನ್ನದೆ ಹೋದರು.

ಇನ್ನು ಬರುವುದಿಲ್ಲ ಎಂದುಕೊಂಡೆ. ಮುಂದಿನ ಮಂಗಳವಾರ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ಕುಳಿತಿದ್ದರು. ಕೈಯಲ್ಲೊಂದು ಪೇಢೆಯ ಡಬ್ಬಿ. ಅದರೊಳಗೆ ಸವೆದ ಹವಾಯಿ ಚಪ್ಪಲಿಯ ಒಂದು ತುಂಡು, ಮತ್ತೆ ಪ್ಲಾಸ್ಟಿಕ್ ಅಕ್ಕಿ ಚೀಲದಿಂದ ಎಳೆದು ತೆಗೆದ ದಾರದ ಒಂದು ಸಿಂಬಿ.

“ರೆಕ್ಕಿ ಕೋಳೀದೇ ಆಗಬೇಕೇನ್ರೀ?” ಎಂದು ಕೇಳಿದರು. “ಈ ಚೀಲದ ದಾರ ಮುಳಗಂಗಿಲ್ಲ. ಮಿಲ್ಲಿನ ನೀರಿನ ಹೌದಿನ್ಯಾಗ ಐದಾರು ದಿನ ಬಿಟ್ಟು ನೋಡೀನಿ.”

ನಾನು ಆ ಎಳೆಯನ್ನು ಉಗುರಿನಿಂದ ಸೀಳಿದೆ. ಸೀಳಿದಷ್ಟೂ ತೆಳ್ಳಗಾಗಿ, ಬೆಳಕು ಹಾಯುವಂತಾಗಿ, ಹೊಳೆಯಿತು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಈಸಲು ಹುಳದ, ಅಂದರೆ ರೆಕ್ಕೆ ಬಂದ ಗೆದ್ದಲಿನ ರೆಕ್ಕೆ ಥೇಟ್ ಹೀಗೇ ಇರುತ್ತದೆ. ಚಪ್ಪಲಿಯ ತುಂಡಂತೂ ತೇಲಲೆಂದೇ ಹುಟ್ಟಿದ್ದು. ಇಷ್ಟು ವರ್ಷ ಓದಿದ ನನಗೆ ಹೊಳೆಯದ್ದು ಅವರಿಗೆ ಒಂದು ವಾರದಲ್ಲಿ ಹೊಳೆದಿತ್ತು. ಅವರದೊಂದೇ ಷರತ್ತು: ಕೊಕ್ಕೆಯ ಮೊನೆಯನ್ನು ಮೊದಲೇ ಪಕ್ಕಡದಿಂದ ಮುರಿದು ಕೊಡಬೇಕು. ಮೊನೆಯಿರುವ ಗಾಳವನ್ನು ಅವರು ಮುಟ್ಟುವುದಿಲ್ಲ. ಆಗಲಿ ಎಂದು ಒಪ್ಪಿದೆ.

ಮೊದಲ ಹುಳ ಕಟ್ಟಲು ಎರಡು ಮಂಗಳವಾರ ಹಿಡಿಯಿತು. ಎಡಗೈಯಿಂದ ದಾರ ಜಾರುತ್ತಿತ್ತು, ಹಲ್ಲು ಕಚ್ಚಿ ಮತ್ತೆ ಹಿಡಿಯುತ್ತಿದ್ದರು. ನೋವಾದರೆ ಮಿಲ್ಲಿನ ಮೋಟರನ್ನು ಬೈಯುತ್ತಿದ್ದರು. ಚಪ್ಪಲಿಯಿಂದ ಗೋಧಿ ಕಾಳಿನಷ್ಟು ಉದ್ದದ ಪಟ್ಟಿ ಕತ್ತರಿಸಿ ಕೊಕ್ಕೆಯ ಬೆನ್ನಿಗೆ ಕಟ್ಟಬೇಕು, ನಡುವೆ ಸೊಂಟ ಕಾಣುವಂತೆ ಬಿಗಿಯಬೇಕು, ಆಮೇಲೆ ಚೀಲದ ಎಳೆಯ ರೆಕ್ಕೆ, ಕೊನೆಗೆ ತಲೆಯ ಹತ್ತಿರ ಗಂಟು ಹಾಕಿ ಗಂಟಿನ ಮೇಲೆ ಒಂದು ಹನಿ ನೇಲ್ ಪಾಲಿಶ್. ನೇಲ್ ಪಾಲಿಶನ್ನು ಅವರ ಹೆಂಡತಿ ತಂದುಕೊಟ್ಟರು. ಈ ವಯಸ್ಸಿನಲ್ಲಿ ಅದನ್ನು ಅಂಗಡಿಯಲ್ಲಿ ಕೇಳುವಾಗ ನಾಚಿಕೆಯಾಗಿ, ಸೊಸೆಗೆ ಎಂದು ಸುಳ್ಳು ಹೇಳಿದರಂತೆ. ಹುಡುಕಿದರೂ ಬೇರೆ ಬಣ್ಣ ಸಿಗದೆ, ಆ ವರ್ಷದ ಹುಳಗಳಿಗೆಲ್ಲ ಗುಲಾಬಿ ತಲೆ.

ಮಾರ್ಚ್ ಮುಗಿಯುವ ಹೊತ್ತಿಗೆ ಅವರು ಮನೆಯಲ್ಲೂ ಕಟ್ಟುತ್ತಿದ್ದರು. ಹಿಡಿಕೆ ಯಂತ್ರವನ್ನು ಅವರೇ ಒಂದು ಮಾಡಿಸಿಕೊಂಡಿದ್ದರು. ಕೈ ಹಗುರಾಗುತ್ತಿತ್ತು, ಬೆರಳುಗಳ ನಡುವೆ ಬೆಳಕು ಕಾಣುತ್ತಿತ್ತು. ಏಪ್ರಿಲಿನ ಒಂದು ಬೆಳಿಗ್ಗೆ ನಾನು ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಬಿಸಿಗಾಳಿಗೆ ಸೆರಗು ಅಡ್ಡ ಹಿಡಿದು ಕುಳಿತಿದ್ದಾಗ ಅವರ ಹೆಂಡತಿಯ ಫೋನು ಬಂತು. ಬಸ್ಸಿನ ಗದ್ದಲದಲ್ಲಿ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಆಕೆ ಗಟ್ಟಿಯಾಗಿ, ನಿಧಾನವಾಗಿ ಹೇಳಿದರು.

“ಇವತ್ತು ಅಂಗೈ ಮ್ಯಾಲ ಕುಂತದ್ರೀ. ಅಲಗಾಡಲಿಲ್ಲ.”

ಆಕೆ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ನಾನು ಪಕ್ಕದ ಸೀಟಿನವರಿಗೆ ಕಾಣದಂತೆ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅಲ್ಲಿಗೆ ನನ್ನ ಕೆಲಸ ಬಹುಮಟ್ಟಿಗೆ ಮುಗಿಯಿತು. ಆದರೆ ಸಾಹುಕಾರರಿಗೆ ಬೇರೆಯೊಂದು ಚಿಂತೆ ಹತ್ತಿತ್ತು. ಪೇಢೆಯ ಡಬ್ಬಿ ತುಂಬಿತ್ತು. ಹೌದಿನಲ್ಲಿ ಎಲ್ಲ ತೇಲುತ್ತಿದ್ದವು. ಆದರೆ ಮೀನಿಗೆ ಇದು ಹುಳ ಅನ್ನಿಸುತ್ತದೋ ಇಲ್ಲವೋ? ಅದೊಂದನ್ನು ತಿಳಿಯಬೇಕು. ಹಿಡಿಯುವುದು ಬೇಡ, ಅದು ಮೇಲೆದ್ದು ಬಂದು ಬಾಯಿ ಹಾಕುವುದನ್ನು ನೋಡಿದರೆ ಸಾಕು.

ನನಗೆ ಹೊಳೆಯ ವಿಷಯ ಗೊತ್ತಿಲ್ಲ, ಅಪ್ಪನಿಗೆ ಗೊತ್ತು ಎಂದೆ. ಅಪ್ಪ ಹುಡುಗನಾಗಿದ್ದಾಗಿನಿಂದ ಕಾಲುವೆ, ಹಳ್ಳ, ಹೊಳೆ ಯಾವುದನ್ನೂ ಬಿಟ್ಟವನಲ್ಲ. ಈಗಲೂ ಬೇಸಿಗೆಯಲ್ಲಿ ಬಿದಿರಿನ ಗಳ ಹೆಗಲಿಗೇರಿಸಿ, ಬುತ್ತಿ ಕಟ್ಟಿಕೊಂಡು ತುಂಗಭದ್ರೆಗೆ ಹೋಗುತ್ತಾನೆ. ಸಾಹುಕಾರರ ಹುಳವನ್ನು ನಾನು ಮನೆಗೆ ತಂದು ತೋರಿಸಿದಾಗ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ. ಹುಳ ಚೆನ್ನಾಗಿದೆ, ಆದರೆ ಮೊನೆ ಯಾಕೆ ಮುರಿದಿದ್ದಾರೆ ಎಂದು ಕೇಳಿದ. ಹೇಳಿದೆ. ತಲೆ ಕೆರೆದುಕೊಂಡ. ಹಲ್ಲಿಲ್ಲದವನಿಗೆ ಕಡಲೆ ಹುರಿದುಕೊಟ್ಟಂತಾಯಿತು ಎಂದ. ಆದರೆ ಬರಲು ಒಪ್ಪಿದ.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಮೂವರೂ ಸಾಹುಕಾರರ ಕಾರಿನಲ್ಲಿ ಹೊಳೆಗೆ ಹೋದೆವು. ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಮಡುಮಡುವಾಗಿ ನಿಂತಿತ್ತು. ಒಂದು ಮಡುವಿನಿಂದ ಇನ್ನೊಂದಕ್ಕೆ ಕೈಯಗಲದ ನೀರು ಹರಿಯುತ್ತಿತ್ತು. ಅಪ್ಪ ತನ್ನ ಗಳದ ತುದಿಗೆ ತೆಳುವಾದ ನೈಲಾನ್ ದಾರ ಕಟ್ಟಿ, ಅದರ ತುದಿಗೆ ಗುಲಾಬಿ ತಲೆಯ ಹುಳ ಕಟ್ಟಿ ಸಾಹುಕಾರರ ಕೈಗೆ ಕೊಟ್ಟ. ಸಾಹುಕಾರರು ತಾವು ತಂದ ನೀರಿನ ಬಾಟಲಿಯನ್ನು ಬಂಡೆಯ ನೆರಳಿಗಿಟ್ಟು ಗಳ ಹಿಡಿದರು. ಅಪ್ಪ ಎಲ್ಲರಿಗೂ ಸಾಲುವಷ್ಟು ನೀರು ತಂದಿದ್ದ. ಅವರು ತಮ್ಮದನ್ನು ಬೇರೆ ತಂದದ್ದು ಸಕ್ಕರೆ ಕಾಯಿಲೆಗೆ ಕುಡಿಯುವ ಮೆಂತ್ಯದ ನೀರೆಂದೋ ಬೇರೆ ಕಾರಣಕ್ಕೋ ನಾನು ಕೇಳಲಿಲ್ಲ. ಕಣ್ಣಿಗೆ ಬಿತ್ತು, ಅಷ್ಟೇ. ಅಪ್ಪನ ಕಣ್ಣಿಗೂ ಬಿದ್ದಿರಬೇಕು.

ಒಂದು ತಾಸು ಏನೂ ಆಗಲಿಲ್ಲ. ಹುಳ ನೀರ ಮೇಲೆ ಮಗ್ಗುಲಾಗಿ ಮಲಗಿತ್ತು. ಸಣ್ಣ ಮೀನುಗಳು ಕೆಳಗೆ ಬಂದು ನೋಡಿ ಹೋಗುತ್ತಿದ್ದವು. ಅಪ್ಪ ಕುಕ್ಕುರುಗಾಲಲ್ಲಿ ಕೂತು ಬೀಡಿ ಹಚ್ಚಿ, ರೆಕ್ಕೆ ದಪ್ಪವಾಗಿದೆ, ಮೇಲಕ್ಕೆ ನಿಂತಿದೆ, ನೀರಿಗೆ ಬಿದ್ದ ಈಸಲಿನ ರೆಕ್ಕೆ ಎರಡೂ ಕಡೆ ಅಂಟಿಕೊಂಡಿರುತ್ತದೆ ಎಂದು ವಿವರಿಸಿದ. ಬಿದ್ದ ಹುಳ ಸುಮ್ಮನಿರುವುದಿಲ್ಲ, ಒದ್ದಾಡುತ್ತದೆ. ಗಳದ ತುದಿಯನ್ನು ಉಸಿರಾಡಿದಷ್ಟು ಮಾತ್ರ ನಡುಗಿಸಬೇಕು ಎಂದ. ಐವತ್ತು ಜನರಿಗೆ ಕೆಲಸ ಹೇಳಿ ಬದುಕಿದ ಸಾಹುಕಾರರು ತಲೆಯಾಡಿಸುತ್ತ ಕೇಳಿದರು. ಚೀಟಿ ತೆಗೆದು ಬರೆದುಕೊಂಡರು ಕೂಡ.

ಬುತ್ತಿ ಬಿಚ್ಚಿದಾಗ ಅವರು ಅಪ್ಪನನ್ನು ಕೇಳಿದರು, ನಿಮ್ಮ ಬುದ್ಧನೂ ಕೊಲ್ಲಬೇಡ ಅಂದಿದ್ದಾನಲ್ಲ, ನೀವು ಹೇಗೆ ಮೀನು ಹಿಡಿಯುತ್ತೀರಿ ಎಂದು. ಕೆಣಕುವ ದನಿಯಲ್ಲ, ನಿಜಕ್ಕೂ ತಿಳಿಯಬೇಕಿತ್ತು.

“ಅಂದಾನ್ರೀ,” ಎಂದ ಅಪ್ಪ. “ನಾ ಇನ್ನೂ ಅಷ್ಟು ದೂರ ಬಂದಿಲ್ಲ.”

ಸಾಹುಕಾರರು ನಕ್ಕುಬಿಟ್ಟರು. ಅವರು ಹಾಗೆ ಹೊಟ್ಟೆ ಅಲುಗಾಡಿಸಿ ನಗುವುದನ್ನು ನಾನು ಅವತ್ತೇ ನೋಡಿದ್ದು.

ಅಂದಿನಿಂದ ಅವರು ರೆಕ್ಕೆ ತೆಳ್ಳಗೆ ಮಾಡುವುದರಲ್ಲಿ ಬಿದ್ದರು. ಚೀಲದ ಒಂದು ಎಳೆಯನ್ನು ಎಂಟಾಗಿ, ಹತ್ತಾಗಿ ಸೀಳಿ, ಎರಡೂ ಮಗ್ಗುಲಿಗೆ ಚಪ್ಪಟೆಯಾಗಿ ಕಟ್ಟಬೇಕು. ಅದಕ್ಕೆ ಎಡಗೈಯ ಹೆಬ್ಬೆರಳು, ತೋರುಬೆರಳು ಸೂಜಿಯ ಹಾಗೆ ಕೆಲಸ ಮಾಡಬೇಕು. ನಾನು ಎಷ್ಟು ಹೇಳಿದ್ದರೂ ಮಾಡದ ವ್ಯಾಯಾಮವನ್ನೆಲ್ಲ ಅಪ್ಪನ ಒಂದು ಮಾತಿಗೆ ಮಾಡಿದರು.

ಮೇ ತಿಂಗಳ ನಡುವೆ ಒಂದು ಮಧ್ಯಾಹ್ನ ದೊಡ್ಡ ಗಾಳಿಯೆದ್ದು ಅರ್ಧ ತಾಸು ಮಳೆ ಹೊಡೆಯಿತು. ಮಣ್ಣಿನ ವಾಸನೆ ಬರುತ್ತಿದ್ದಂತೆ ಅಪ್ಪ ಸಾಹುಕಾರರಿಗೆ ಫೋನ್ ಮಾಡಿದ್ದ. ಅವರ ಕಾರು ಬಂದು ನಮ್ಮನ್ನು ಹೊಳೆಗೆ ಮುಟ್ಟಿಸುವಾಗ ಬಿಸಿಲು ಇಳಿದು ಬೆಳಕು ಹಳದಿಯಾಗಿತ್ತು. ದಂಡೆಯ ಹುತ್ತಗಳಿಂದ ಈಸಲು ಹೊಗೆಯ ಹಾಗೆ ಏಳುತ್ತಿತ್ತು. ಚಿಕ್ಕಂದಿನಲ್ಲಿ ಇವನ್ನು ಬಾಚಿ ಹುರಿದು ತಿನ್ನುತ್ತಿದ್ದೆವು ಎಂದು ಅಪ್ಪ ಹೇಳಿದ. ಎದ್ದ ಹುಳಗಳು ಗಾಳಿಗೆ ಹೊಳೆಯ ಮೇಲೆ ಹೋಗಿ ನೀರಿಗೆ ಉದುರುತ್ತಿದ್ದವು. ಉದುರಿದಲ್ಲೆಲ್ಲ ನೀರು ಬಾಯಿ ಬಿಟ್ಟಂತೆ ಸಣ್ಣ ಸಣ್ಣ ಉಂಗುರ. ಬೆಳ್ಳಗೆ, ಬೆರಳುದ್ದದ, ಗೇಣುದ್ದದ ಮೀನುಗಳು.

ಸಾಹುಕಾರರು ಪ್ಯಾಂಟು ಮಡಚಿ ಮೊಣಕಾಲಮಟ್ಟದ ನೀರಿಗಿಳಿದರು. ಗಳ ಚಾಚಿ ತಮ್ಮ ಹುಳವನ್ನು ಆ ಹುಳಗಳ ನಡುವೆ ಇಳಿಸಿದರು. ಎಲ್ಲದರ ಜೊತೆ ಅದೂ ತೇಲಿತು. ಗುಲಾಬಿ ತಲೆ ಇಲ್ಲದಿದ್ದರೆ ಯಾವುದು ನಮ್ಮದೆಂದು ನನಗೂ ತಿಳಿಯುತ್ತಿರಲಿಲ್ಲ. ಮೂರು ಎಣಿಸುವಷ್ಟರಲ್ಲಿ ಕೆಳಗಿನಿಂದ ಒಂದು ಬಿಳಿ ಹೊಳಪು ಎದ್ದು ಬಂದು ಹುಳವನ್ನು ನುಂಗಿತು. ದಾರ ಒಂದು ಕ್ಷಣ ಬಿಗಿಯಾಯಿತು. ಮೀನು ಮೋಸ ತಿಳಿದು ಉಗುಳಿ ಹೋಯಿತು. ಹುಳ ಮತ್ತೆ ಮೇಲೆ ಬಂದು ನಿಂತಿತು.

ಸಾಹುಕಾರರು ನಮ್ಮ ಕಡೆ ತಿರುಗಿ ನೋಡಿದರು. ಅವರ ಮುಖ ನೋಡಿ ನನಗೆ, ಕಾಲು ಸೋತು ಮಲಗಿದವರು ಮತ್ತೆ ಮೊದಲ ಸಲ ನಡೆದಾಗಿನ ಮುಖ ನೆನಪಾಯಿತು. ಆಮೇಲೆ ಬೆಳಕಿರುವವರೆಗೆ ಅದೇ ಆಟ. ಹನ್ನೊಂದು ಮೀನು ಬಂದು ಹೋದವು ಎಂದು ಅವರು, ಒಂಬತ್ತೇ ಎಂದು ಅಪ್ಪ. ದಂಡೆಗೆ ಬಂದು ಕೂತಾಗ ಅಪ್ಪನ ಥರ್ಮಾಸಿನಿಂದ ತಾವೇ ಚಹಾ ಬಗ್ಗಿಸಿಕೊಂಡು ಕುಡಿದರು. ಅಪ್ಪನ ಚಹಾ ಎಂದರೆ ಬೆಲ್ಲದ ಪಾಕ. ಸಕ್ಕರೆ ಏರುತ್ತದೆ, ಮನೆಯಲ್ಲಿ ಹೇಳಬೇಡಿ ಎಂದು ನನಗೆ ಹೇಳಿ ಇನ್ನರ್ಧ ಲೋಟ ಹಾಕಿಸಿಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಮೊನೆ ಮುರಿಯದ ಒಂದು ಕೊಕ್ಕೆ ನಾನು ಕೊಟ್ಟ ಕೊಕ್ಕೆಗಳ ನಡುವೆ ಸೇರಿಹೋಗಿತ್ತು. ಹಳೆಯ ಕನ್ನಡಕದಲ್ಲಿ ಮೊನೆ ಕಾಣದೆ ಸಾಹುಕಾರರು ಅದಕ್ಕೂ ಹುಳ ಕಟ್ಟಿ ಡಬ್ಬಿಗೆ ಹಾಕಿದ್ದರು. ಆ ಸಂಜೆ ದಂಡೆಯಲ್ಲಿ ಅದು ಅಪ್ಪನ ಕಣ್ಣಿಗೆ ಬಿತ್ತು. ಅವನು ಅದನ್ನು ಯಾರಿಗೂ ಹೇಳದೆ ಟೊಪ್ಪಿಗೆಯೊಳಗೆ ಸಿಕ್ಕಿಸಿಕೊಂಡು ಮನೆಗೆ ತಂದ. ಎರಡು ದಿನ ಬಿಟ್ಟು ಒಬ್ಬನೇ ಹೊಳೆಗೆ ಹೋದ. ಸಂಜೆ ಬರುವಾಗ ಮೊಳಕ್ಕೆ ನಾಲ್ಕು ಬೆರಳು ಕಡಿಮೆಯ ಒಂದು ಮೀನು ತಂದ. ನಾನು ಹುಣಸೆಹುಳಿ ಹಾಕಿ ಸಾರು ಮಾಡಿದೆ. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ. ಊಟ ಮುಗಿದು ಕೈ ತೊಳೆಯುವಾಗ ಅಪ್ಪ ಅದು ಯಾವ ಹುಳಕ್ಕೆ ಬಿತ್ತೆಂದು ಹೇಳಿದ. ಅಪ್ಪನಿಗೆ ಮುಚ್ಚಿಡುವ ಉದ್ದೇಶವಿರಲಿಲ್ಲ. ಕೆಲಸ ಎಷ್ಟು ಒಳ್ಳೆಯದಾಗಿದೆ ಎಂದು ತಿಳಿದರೆ ಕಟ್ಟಿದವರಿಗೆ ಸಂತೋಷವಾಗುತ್ತದೆ ಎಂದೇ ಅವನು ನಂಬಿದ್ದ. ಮಂಗಳವಾರ ನನ್ನ ಜೊತೆ ಮಾನ್ವಿಗೆ ಬಂದು ಸಾಹುಕಾರರ ಎದುರಿಗೆ ಕೂತು ನೇರವಾಗಿ ಹೇಳಿದ.

“ನಿಮ್ಮ ಹುಳಕ್ಕ ಮೀನು ಬಿತ್ರೀ. ತಿಂದ್ವಿ.”

ಸಾಹುಕಾರರು ಕಟ್ಟುತ್ತಿದ್ದ ದಾರವನ್ನು ಬಿಟ್ಟರು. ಸುತ್ತಿದ್ದೆಲ್ಲ ಬಿಚ್ಚಿಕೊಂಡಿತು. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡಿದರು.

“ಇದೇ ಕೈ ಮ್ಯಾಲ ದೇವ್ರನ್ನ ಇಟ್ಕೊಂತೀನಿ ನಾ,” ಎಂದರು. ಅಷ್ಟೇ ಹೇಳಿ ಎದ್ದು ಹೋದರು.

ಎರಡು ವಾರ ಬರಲಿಲ್ಲ. ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿ, ಕಟ್ಟುವುದನ್ನು ಬಿಟ್ಟಿದ್ದಾರೆ, ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದಾರೆ ಎಂದರು. ಬೆರಳುಗಳು ಮತ್ತೆ ಒಳಗೆ ಎಳೆಯುತ್ತಿವೆ ಎಂದೂ ಹೇಳಿದರು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಮೊನೆಯ ಕೊಕ್ಕೆಯನ್ನು ಬೆರೆಸಿಕೊಟ್ಟ ನನ್ನ ಮೇಲೆ ಇನ್ನೂ ಹೆಚ್ಚು ಬಂತು. ಅಪ್ಪ ನಾನು ಬೈದದ್ದನ್ನೆಲ್ಲ ಕೇಳಿಸಿಕೊಂಡ. ಮರುದಿನ ಬೆಳಿಗ್ಗೆ ಒಗೆದ ಧೋತರ ಉಟ್ಟು, ನನಗೆ ಹೇಳದೆ, ಪೋತ್ನಾಳದ ಬಸ್ಸು ಹತ್ತಿದ.

ಅಲ್ಲಿ ನಡೆದದ್ದನ್ನು ಅಪ್ಪ ಅರ್ಧ ಹೇಳಿದ, ಉಳಿದರ್ಧವನ್ನು ಎಷ್ಟೋ ದಿನಗಳ ಮೇಲೆ ಸಾಹುಕಾರರು ಹೇಳಿದರು. ಅಪ್ಪ ಮಿಲ್ಲಿನ ಗೇಟಿನಲ್ಲಿ ನಿಂತು ಸ್ವಲ್ಪ ಹೊತ್ತು ಒಳಗೆ ಹೋಗಲಿಲ್ಲವಂತೆ. ಆಫೀಸಿನ ಬಾಗಿಲು ಯಾವ ಕಡೆಯೆಂದು ಅವನಿಗೆ ಗೊತ್ತಿರಲಿಲ್ಲ, ಗೋದಾಮಿನದಷ್ಟೇ ಗೊತ್ತಿತ್ತು. ಸಾಹುಕಾರರೇ ಎದ್ದು ಬಂದು ಕರೆದುಕೊಂಡು ಹೋಗಿ ಕುರ್ಚಿ ಹಾಕಿಸಿದರು. ಆಗ ಅಪ್ಪ, ನನಗೂ ಅದುವರೆಗೆ ಹೇಳಿರದ ಸಂಗತಿ ಹೇಳಿದ: ಸಾಹುಕಾರರ ತಂದೆಯ ಕಾಲದಲ್ಲಿ ಎರಡು ಸುಗ್ಗಿ ಅದೇ ಮಿಲ್ಲಿನಲ್ಲಿ ಹಮಾಲಿ ಮಾಡಿದ್ದ. ಈಗಿನ ಸಾಹುಕಾರರು ಆಗ ಹೊಸದಾಗಿ ಮದುವೆಯಾದವರು, ಅಂಗಳದಲ್ಲಿ ಬುಲೆಟ್ ಗಾಡಿ ತೊಳೆಯುತ್ತಿದ್ದರಂತೆ. ಅವರಿಗೆ ಈ ಮುಖ ನೆನಪಿರಲು ಸಾಧ್ಯವಿರಲಿಲ್ಲ. ಅದನ್ನು ಅವರು ಒಪ್ಪಿಕೊಂಡರು.

“ನಾ ಹೊತ್ತ ಅಕ್ಕಿ ಯಾರು ಉಂಡ್ರೋ, ಉಂಡು ಏನು ಮಾಡಿದ್ರೋ, ನಾ ಕೇಳಿಲ್ರೀ,” ಎಂದನಂತೆ ಅಪ್ಪ. “ಕಟ್ಟಿದವ್ರು ನೀವು. ನೀರಿಗೆ ಬಿಟ್ಟಾವ ನಾನು, ತಿಂದಾವ ನಾನು. ಅದರ ಭಾರ ನನ್ನ ಮ್ಯಾಲ ಇರ್ಲಿ. ಹೊತ್ತು ರೂಢಿ ಅದ ನನಗ.”

ಹೊರಗೆ ಮೋಟರು ಓಡುತ್ತಿತ್ತು, ತೌಡಿನ ಧೂಳು ಬಾಗಿಲಲ್ಲಿ ಹಾರುತ್ತಿತ್ತು. ಕೊನೆಗೆ ಸಾಹುಕಾರರು ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟು ದೊಡ್ಡದಿತ್ತು?”

ಅಪ್ಪ ಎರಡೂ ಕೈ ಚಾಚಿ ತೋರಿಸಿದ. ಇದ್ದದ್ದಕ್ಕಿಂತ ಒಂದು ಗೇಣು ಹೆಚ್ಚು ತೋರಿಸಿರುತ್ತಾನೆ, ನನ್ನ ಅಪ್ಪನನ್ನು ನಾನು ಬಲ್ಲೆ.

ಮುಂದಿನ ಮಂಗಳವಾರ ಸಾಹುಕಾರರು ಬಂದರು. ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಸಾಹುಕಾರರ ಹುಳಗಳು ಮುಂಚಿನಂತೆ ಮೊನೆಯಿಲ್ಲದವು. ಒಂದೊಂದನ್ನೂ ಅವರೇ ಪಕ್ಕಡದಿಂದ ಮುರಿದು, ಬೆರಳು ಸವರಿ ಪರೀಕ್ಷಿಸಿಯೇ ಕಟ್ಟುತ್ತಾರೆ. ಅಪ್ಪನಿಗೆ ಬೇಕಾದರೆ ಅವನೇ ಕಟ್ಟಿಕೊಳ್ಳಬೇಕು, ಕಲಿಸುವ ಹೊಣೆ ಸಾಹುಕಾರರದು. ಚೀಲ ಹೊತ್ತು ಒರಟಾದ ಅಪ್ಪನ ಬೆರಳಿಗೆ ಆ ತೆಳ್ಳನೆಯ ದಾರ ಹತ್ತಲಿಲ್ಲ. ಎಷ್ಟೋ ಸಲ ಹರಿದ. ಹರಿದಾಗಲೆಲ್ಲ ಸಾಹುಕಾರರು, ಹಿಂದೊಮ್ಮೆ ನಾನು ಅವರಿಗೆ ಹೇಳುತ್ತಿದ್ದ ಮಾತುಗಳನ್ನೇ, ನನ್ನದೇ ದನಿಯಲ್ಲಿ ಅಪ್ಪನಿಗೆ ಹೇಳುತ್ತಿದ್ದರು. ಭುಜ ಸಡಿಲ ಬಿಡ್ರಿ. ಉಸಿರು ಹಿಡೀಬ್ಯಾಡ್ರಿ. ನಾನು ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿಯ ಮೊಣಕಾಲು ಮಡಚುತ್ತ ನಗು ತಡೆದುಕೊಳ್ಳುತ್ತಿದ್ದೆ.

ಅವರ ಕೈ ಪೂರ್ತಿ ಸರಿಹೋಗಲಿಲ್ಲ. ಉಂಗುರಬೆರಳು ಇವತ್ತಿಗೂ ಕೊಂಚ ಬಾಗಿಯೇ ಇದೆ, ಚಳಿಗಾಲದಲ್ಲಿ ನೋಯುತ್ತದೆ. ಆದರೆ ಗುಂಡಿ ಹಾಕುತ್ತಾರೆ, ಸ್ಕೂಟರ್ ಓಡಿಸುತ್ತಾರೆ, ಪೂಜೆಗೆ ಕೂತರೆ ಅಂಗೈ ಅಲುಗುವುದಿಲ್ಲ. ನನ್ನ ದೇವದುರ್ಗದ ಕೋಣೆಗೆ ಒಂದು ಹಿಡಿಕೆ ಯಂತ್ರ ಕೊಡಿಸಿದ್ದಾರೆ. ಅಲ್ಲಿ ಈಗ ಹೊಲಿಗೆಯ ಒಬ್ಬ ಹೆಣ್ಣುಮಗಳು ಕೈ ಸೋತಿದ್ದಕ್ಕೆ ಬಂದು ಕೂತು ಕಟ್ಟುತ್ತಾಳೆ. ಆಕೆಗೆ ಹೊಳೆಯೂ ಬೇಡ, ಮೀನೂ ಬೇಡ. ತಾನು ಕಟ್ಟಿದ ಹುಳಗಳನ್ನು ಕುಪ್ಪಸದ ತೋಳಿಗೆ ಹಚ್ಚಿದರೆ ಹೇಗಿರುತ್ತದೆಂದು ಯೋಚಿಸುತ್ತಿದ್ದಾಳೆ.

ಈ ಬೇಸಿಗೆಯಲ್ಲಿ ನನಗೆ ಒಂದು ಭಾನುವಾರವೂ ಬಿಡುವಾಗಲಿಲ್ಲ. ಅವರಿಬ್ಬರೇ ದೇವದುರ್ಗದ ಕಡೆ ಕೃಷ್ಣೆಗೆ ಹೋಗಿದ್ದರು. ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಫೋನು ಬಂತು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಹಿಂದೆ ನೀರಿನ ಸದ್ದು. ಜಗಳವೇನೆಂದು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಈಸಲಿಗೆ ರೆಕ್ಕೆ ಎರಡೋ ನಾಲ್ಕೋ ಎನ್ನುವುದು. ಸಾಹುಕಾರರು ಇಷ್ಟು ವರ್ಷ ಎರಡೇ ಕಟ್ಟಿದ್ದರು, ಅಪ್ಪ ನಾಲ್ಕು ಎಂದು ಹಟ ಹಿಡಿದಿದ್ದ. ನಾನು ಓದಿದವಳು, ನಾನು ಹೇಳಿದ್ದೇ ಕೊನೆ ಎಂದು ಇಬ್ಬರೂ ಒಪ್ಪಿದ್ದರಂತೆ. ನಾಲ್ಕು ಎಂದೆ.

ಸಾಹುಕಾರರು, ಬೇಸರವೇನೂ ಇಲ್ಲದ ದನಿಯಲ್ಲಿ, ಹಾಗಾದರೆ ಮೀನುಗಳು ನನ್ನ ಮುಖ ನೋಡಿ ಬರುತ್ತಿದ್ದವು ಎಂದರು. ಅಪ್ಪ ನಗುವುದು ಕೇಳಿಸಿತು. ಫೋನು ಇಡುವುದನ್ನು ಇಬ್ಬರೂ ಮರೆತರು. ನಾನು ತಟ್ಟೆ ಮುಂದಿಟ್ಟುಕೊಂಡು, ಅವರು ಹುಳಕ್ಕೆ ಕಟ್ಟುವ ಚಪ್ಪಲಿ ತುಂಡಿನ ಬಣ್ಣದ ಬಗ್ಗೆ ಹೊಸ ಜಗಳ ತೆಗೆಯುವುದನ್ನು ಊಟ ಮುಗಿಯುವವರೆಗೂ ಕೇಳುತ್ತ ಕೂತಿದ್ದೆ.